ಬೆಟ್ಟ ಹತ್ತಿದ ಜೀಪು: ವಿಲ್ಲೀಸ್ ಕಂಪನಿಯ ಗಾಡಿಗಳ ಕಥೆ



ನಮ್ಮ ತಾಳಮಲೆ, ತಾಳವಾಡಿ, ಆಸನೂರು ಕಡೆ ಸ್ವಲ್ಪ ಎತ್ತರವಾಗಿ ನಿಂತ ಗಾಡಿ ಯಾವುದು ಬಂದರೂ ಅದಕ್ಕೆ ಒಂದೇ ಹೆಸರು: ಜೀಪು. ಬೊಲೆರೊ ಬಂದರೂ ಜೀಪು, ಕೋಸು ತುಂಬಿದ ಪಿಕಪ್ ಬಂದರೂ ಜೀಪು, ಫಾರೆಸ್ಟ್‌ನವರದ್ದೂ ಜೀಪು, ಪೊಲೀಸಿನವರದ್ದೂ ಜೀಪು. ನಮ್ಮ ಅಜ್ಜಿಯರ ಬಾಯಲ್ಲಿ ಅದು ಅಚ್ಚ ಕನ್ನಡ ಪದವೇ ಆಗಿಹೋಗಿದೆ. ನಿಜವಾಗಿ ಅದು ಅಮೆರಿಕದ ಓಹಾಯೊ ರಾಜ್ಯದ ಟೊಲೆಡೊ ಎಂಬ ಊರಿನಲ್ಲಿದ್ದ ವಿಲ್ಲೀಸ್-ಓವರ್‌ಲ್ಯಾಂಡ್ ಕಂಪನಿಯ ಗಾಡಿಯ ಹೆಸರು. ಆ ಕಂಪನಿ ಯಾವ ಯಾವ ಮಾಡೆಲ್ ಮಾಡಿತು, ಅದರಲ್ಲಿ ಒಂದು ಮಾಡೆಲ್ ನಮ್ಮ ಬೆಟ್ಟದವರೆಗೆ ಹೇಗೆ ಬಂತು, ಬಂದು ನಮಗೇನು ಮಾಡಿತು ಎಂಬುದು ಈ ಸಲದ ಬರಹ.

ಗಾಡಿಯ ಕಥೆ ಚರ್ಚ್ ಬ್ಲಾಗ್‌ನಲ್ಲಿ ಏಕೆ ಎಂದು ಕೇಳುವವರಿಗೆ ಮಧ್ಯದಲ್ಲಿ ಒಬ್ಬ ಗುರುಗಳು ಸಿಗುತ್ತಾರೆ. ಅಲ್ಲಿಯವರೆಗೆ ಸ್ವಲ್ಪ ತಾಳ್ಮೆ ಇರಲಿ.

ಜೀಪಿಗೂ ಮೊದಲು

ಜಾನ್ ನಾರ್ತ್ ವಿಲ್ಲೀಸ್ ಎಂಬವರು ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಊರಿನಲ್ಲಿ ಕಾರು ಮಾರುವ ವ್ಯಾಪಾರಿ. ಓವರ್‌ಲ್ಯಾಂಡ್ ಎಂಬ ಕಂಪನಿಗೆ 500 ಕಾರಿಗೆ ಆರ್ಡರ್ ಕೊಟ್ಟು ಮುಂಗಡ ಹಣವನ್ನೂ ಕಟ್ಟಿದ್ದರು. 1907ರಲ್ಲಿ ಅಮೆರಿಕದಲ್ಲಿ ಹಣದ ಮುಗ್ಗಟ್ಟು ಬಂದು ಕಂಪನಿ ಮುಳುಗುವ ಸ್ಥಿತಿಗೆ ಬಂತು. ಕಾರೂ ಇಲ್ಲ, ಹಣವೂ ಇಲ್ಲ. ವಿಲ್ಲೀಸ್ ಅಳುತ್ತಾ ಕೂರಲಿಲ್ಲ. ನೇರ ಕಾರ್ಖಾನೆಗೆ ಹೋಗಿ ಸಾಲಗಾರರನ್ನು ಸಮಾಧಾನ ಮಾಡಿ, 1908ರಲ್ಲಿ ಕಂಪನಿಯನ್ನೇ ತಮ್ಮ ಕೈಗೆ ತೆಗೆದುಕೊಂಡರು. ಮರುವರ್ಷ ಟೊಲೆಡೊದಲ್ಲಿ ದೊಡ್ಡ ಕಾರ್ಖಾನೆ ಕೊಂಡರು. 1912ರಿಂದ ಸುಮಾರು 1918ರವರೆಗೆ ಅಮೆರಿಕದಲ್ಲಿ ಫೋರ್ಡ್ ಬಿಟ್ಟರೆ ಅತಿ ಹೆಚ್ಚು ಕಾರು ಮಾಡುತ್ತಿದ್ದದ್ದು ವಿಲ್ಲೀಸ್-ಓವರ್‌ಲ್ಯಾಂಡ್.

ಆಗಿನ ಅವರ ಮಾಡೆಲ್‌ಗಳು ನಾವು ಕೇಳದ ಹೆಸರುಗಳು. ಸಾಮಾನ್ಯರಿಗೆ ಓವರ್‌ಲ್ಯಾಂಡ್, ಸದ್ದಿಲ್ಲದೆ ಓಡುವ ಇಂಜಿನ್ ಬೇಕೆಂಬ ಅನುಕೂಲಸ್ಥರಿಗೆ ವಿಲ್ಲೀಸ್-ನೈಟ್, 1926ರಿಂದ ಕಡಿಮೆ ಬೆಲೆಯ ಸಣ್ಣ ಕಾರು ವಿಪ್ಪೆಟ್. ಸಾಲ ಹೆಚ್ಚಾದಾಗ ಬ್ಯಾಂಕಿನವರು ಕಂಪನಿಯನ್ನು ಸರಿಪಡಿಸಲು ವಾಲ್ಟರ್ ಕ್ರೈಸ್ಲರ್ ಎಂಬವರನ್ನು ವರ್ಷಕ್ಕೆ 10 ಲಕ್ಷ ಡಾಲರ್ ಸಂಬಳ ಕೊಟ್ಟು ಕರೆತಂದಿದ್ದರು. ಅವರು ಬೇಗನೆ ಬಿಟ್ಟುಹೋಗಿ ತಮ್ಮದೇ ಹೆಸರಿನ ಕಂಪನಿ ಕಟ್ಟಿದರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

1929ರ ನಂತರದ ಮಹಾ ಕುಸಿತದಲ್ಲಿ ಕಂಪನಿ ಮತ್ತೆ ಬಿತ್ತು. 1933ರಲ್ಲಿ ದಿವಾಳಿ ವ್ಯವಹಾರ ಕೋರ್ಟಿಗೆ ಹೋಯಿತು. ದೊಡ್ಡ ಕಾರುಗಳನ್ನೆಲ್ಲ ನಿಲ್ಲಿಸಿ ವಿಲ್ಲೀಸ್ 77 ಎಂಬ ಒಂದೇ ಸಣ್ಣ ಕಾರನ್ನು ನೆಚ್ಚಿಕೊಂಡು ದಿನ ದೂಡಿತು. 1935ರಲ್ಲಿ ಜಾನ್ ವಿಲ್ಲೀಸ್ ತೀರಿಕೊಂಡರು. ತಮ್ಮ ಹೆಸರನ್ನು ಲೋಕಕ್ಕೆಲ್ಲ ಮುಟ್ಟಿಸುವ ಗಾಡಿಯನ್ನು ಅವರು ಕಣ್ಣಿಂದ ನೋಡಲೇ ಇಲ್ಲ.

49 ದಿನದ ಗಾಡಿ

1940ರ ಜುಲೈ. ಯುರೋಪಿನಲ್ಲಿ ಯುದ್ಧ ನಡೆಯುತ್ತಿದೆ. ಅಮೆರಿಕದ ಸೈನ್ಯಕ್ಕೆ ಕುದುರೆ ಮತ್ತು ಮೋಟಾರ್‌ಸೈಕಲ್ ಬದಲಿಗೆ ಎಲ್ಲಿ ಬೇಕಾದರೂ ನುಗ್ಗುವ ಸಣ್ಣ ಗಾಡಿ ಬೇಕಿತ್ತು. 135 ಕಂಪನಿಗಳಿಗೆ ಪತ್ರ ಹೋಯಿತು. ಷರತ್ತು ಕಠಿಣ: ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗಬೇಕು, ತೂಕ 1,300 ಪೌಂಡ್ ಅಂದರೆ ಸುಮಾರು 590 ಕಿಲೊ ಮೀರಬಾರದು, ಮೊದಲ ಗಾಡಿ 49 ದಿನದಲ್ಲಿ ಕೈಗೆ ಬರಬೇಕು. ಮುಂದೆ ಬಂದದ್ದು ಎರಡೇ ಕಂಪನಿ. ಒಂದು ವಿಲ್ಲೀಸ್, ಇನ್ನೊಂದು ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಅಮೆರಿಕನ್ ಬ್ಯಾಂಟಮ್. ಬ್ಯಾಂಟಮ್ ಎಂದರೆ ಗಿಡ್ಡ ಹುಂಜ. ಹೆಸರಿಗೆ ತಕ್ಕಂತೆ ಅದು ತೀರಾ ಸಣ್ಣ ಕಂಪನಿ, ಆಗಲೇ ಬಾಗಿಲು ಮುಚ್ಚುವ ಹಂತದಲ್ಲಿತ್ತು.

ಬ್ಯಾಂಟಮ್‌ನವರು ಕಾರ್ಲ್ ಪ್ರಾಬ್ಸ್ಟ್ ಎಂಬ ಇಂಜಿನಿಯರನ್ನು ಕರೆಸಿದರು. ಅವರು ಎರಡೇ ದಿನದಲ್ಲಿ ನಕ್ಷೆ ಹಾಕಿ ಮುಗಿಸಿದರು. ಸಿಕ್ಕಿದ ಬಿಡಿಭಾಗಗಳನ್ನೆಲ್ಲ ಕೂಡಿಸಿ, ಇಲ್ಲದ್ದನ್ನು ಕೈಯಲ್ಲೇ ಬಡಿದು ಗಾಡಿ ಸಿದ್ಧವಾಯಿತು. ಕೊನೆಯ ದಿನ, 1940ರ ಸೆಪ್ಟೆಂಬರ್ 23ರಂದು, ಅದನ್ನು ಲಾರಿಗೆ ಹೇರದೆ ರಸ್ತೆಯಲ್ಲೇ ಓಡಿಸಿಕೊಂಡು ಮೇರಿಲ್ಯಾಂಡ್‌ನ ಹೋಲಾಬರ್ಡ್ ಸೈನಿಕ ಶಿಬಿರಕ್ಕೆ ತಂದರು. ಸಂಜೆ 5 ಗಂಟೆಯ ಗಡುವಿಗೆ ಇನ್ನು ಅರ್ಧ ಗಂಟೆ ಉಳಿದಿತ್ತು.

ಆಮೇಲೆ ನಡೆದದ್ದು ಓದಿದರೆ ಮನಸ್ಸಿಗೆ ಕಸಿವಿಸಿ ಆಗುತ್ತದೆ. ಇಷ್ಟು ಸಣ್ಣ ಕಂಪನಿ ಲಕ್ಷಗಟ್ಟಲೆ ಗಾಡಿ ಮಾಡಲಾರದು ಎಂದು ಸೈನ್ಯ ಬ್ಯಾಂಟಮ್ ನಕ್ಷೆಯನ್ನು ವಿಲ್ಲೀಸ್‌ಗೂ ಫೋರ್ಡ್‌ಗೂ ತೋರಿಸಿತು. ವಿಲ್ಲೀಸ್‌ನವರು 'ಕ್ವಾಡ್' ಎಂಬ ಗಾಡಿಯನ್ನು, ಫೋರ್ಡ್‌ನವರು 'ಪಿಗ್ಮಿ' ಎಂಬುದನ್ನು ತಂದರು. ಮೂವರಿಗೂ 1,500ರಂತೆ ಪರೀಕ್ಷೆಗೆ ಆರ್ಡರ್ ಸಿಕ್ಕಿತು. ಅಷ್ಟರಲ್ಲಿ ತೂಕದ ಮಿತಿಯನ್ನು 2,160 ಪೌಂಡ್, ಸುಮಾರು 980 ಕಿಲೊಗೆ ಏರಿಸಿದ್ದರು. ವಿಲ್ಲೀಸ್ ಗಾಡಿಯ ಇಂಜಿನ್ ಎಲ್ಲಕ್ಕಿಂತ ಬಲವಾಗಿತ್ತು, ತೂಕವೂ ಹೆಚ್ಚಿತ್ತು. ಮುಖ್ಯ ಇಂಜಿನಿಯರ್ ಬಾರ್ನಿ ರೂಸ್ ಇಂಜಿನ್ ಬದಲಾಯಿಸಲು ಒಪ್ಪಲಿಲ್ಲ. ಗಾಡಿಯನ್ನು ಬಿಚ್ಚಿ, ಬೋಲ್ಟಿನ ಉದ್ದ ಕತ್ತರಿಸಿ, ಬಣ್ಣವನ್ನು ಒಂದೇ ಪದರಕ್ಕೆ ಇಳಿಸಿ, ಗ್ರಾಂ ಗ್ರಾಂ ಲೆಕ್ಕ ಹಾಕಿ ಮಿತಿಯೊಳಗೆ ತಂದರು. 1941ರ ಜುಲೈನಲ್ಲಿ 16,000 ಗಾಡಿಗಳ ಗುತ್ತಿಗೆ ವಿಲ್ಲೀಸ್‌ಗೆ ಸಿಕ್ಕಿತು. ಆ ಮಾಡೆಲ್ಲೇ ಪ್ರಸಿದ್ಧ ವಿಲ್ಲೀಸ್ ಎಂಬಿ.

ಯುದ್ಧ ಮುಗಿಯುವ ಹೊತ್ತಿಗೆ ವಿಲ್ಲೀಸ್ ಸುಮಾರು 3.6 ಲಕ್ಷ ಗಾಡಿ ಮಾಡಿತ್ತು. ಅದೇ ನಕ್ಷೆಯಲ್ಲಿ ಫೋರ್ಡ್ ಮಾಡಿದ 'ಜಿಪಿಡಬ್ಲ್ಯು' ಸುಮಾರು 2.8 ಲಕ್ಷ. ಮೊದಲ ಗಾಡಿ ಮಾಡಿದ ಬ್ಯಾಂಟಮ್‌ನದ್ದು ಸುಮಾರು 2,700 ಮಾತ್ರ. ಅದಕ್ಕೆ ಜೀಪಿನ ಹಿಂದೆ ಕಟ್ಟುವ ಟ್ರೈಲರ್ ಮಾಡುವ ಕೆಲಸ ಕೊಟ್ಟರು. ಜೀಪನ್ನು ಹುಟ್ಟಿಸಿದ್ದು ತಾನೇ ಎಂದು ವಿಲ್ಲೀಸ್ ಜಾಹೀರಾತು ಕೊಟ್ಟಾಗ ದೂರು ಹೋಗಿ, 1948ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಆ ಹಿರಿಮೆ ಬ್ಯಾಂಟಮ್‌ನದ್ದು ಎಂದು ತೀರ್ಪು ಕೊಟ್ಟಿತು. ಆದರೂ 1950ರಲ್ಲಿ 'ಜೀಪ್' ಎಂಬ ಟ್ರೇಡ್‌ಮಾರ್ಕ್ ಸಿಕ್ಕಿದ್ದು ವಿಲ್ಲೀಸ್‌ಗೆ. ಬಿತ್ತಿದವರು ಒಬ್ಬರು, ಹೆಸರು ಪಡೆದವರು ಇನ್ನೊಬ್ಬರು.

ಗೇರಿನ ಲೆಕ್ಕ

ವಿಜ್ಞಾನ ಓದುವ ತಮ್ಮ ತಂಗಿಯರಿಗಾಗಿ ಒಂದು ಸಣ್ಣ ಲೆಕ್ಕ. ಜೀಪಿನ ಗುಟ್ಟು ಇಂಜಿನ್ನಿಗಿಂತ ಹೆಚ್ಚಾಗಿ ಗೇರಿನಲ್ಲಿದೆ. ಎಂಬಿಯ ಇಂಜಿನ್ 2.2 ಲೀಟರ್ ಪೆಟ್ರೋಲ್, ಶಕ್ತಿ 60 ಹಾರ್ಸ್‌ಪವರ್. ಇವತ್ತಿನ ಒಂದು ಸಣ್ಣ ಕಾರಿಗೂ ಇದಕ್ಕಿಂತ ಹೆಚ್ಚಿರುತ್ತದೆ. ಆದರೆ ಜೀಪಿನಲ್ಲಿ ಸಾಮಾನ್ಯ ಗೇರ್ ಪೆಟ್ಟಿಗೆಯ ಹಿಂದೆ ಇನ್ನೊಂದು ಸಣ್ಣ ಪೆಟ್ಟಿಗೆ ಇದೆ. ಅದು ಶಕ್ತಿಯನ್ನು ಮುಂದಿನ ಎಕ್ಸೆಲ್‌ಗೂ ಹಂಚುತ್ತದೆ. 'ಲೋ' ಹಾಕಿದರೆ ವೇಗ ಕಡಿಮೆ ಮಾಡಿ ಎಳೆತ ಹೆಚ್ಚಿಸುತ್ತದೆ.

ಎಂಬಿಯಲ್ಲಿ ಫಸ್ಟ್ ಗೇರ್ ಅನುಪಾತ 2.665, ಲೋ 1.97, ಎಕ್ಸೆಲ್ 4.88. ಮೂರನ್ನೂ ಗುಣಿಸಿದರೆ ಸುಮಾರು 25.6. ಅಂದರೆ ಚಕ್ರ ಒಂದು ಸುತ್ತು ಸುತ್ತಲು ಇಂಜಿನ್ 25 ಸುತ್ತಿಗಿಂತ ಹೆಚ್ಚು ಸುತ್ತುತ್ತದೆ. ಘರ್ಷಣೆಯ ನಷ್ಟ ಬಿಟ್ಟರೆ ಎಳೆತವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಮನುಷ್ಯ ನಡೆಯುವ ವೇಗದಲ್ಲಿ, ಕ್ಲಚ್ ತುಳಿಯದೆ, ಕಲ್ಲು ಕೆಸರು ಹತ್ತಿಕೊಂಡು ಹೋಗುವುದು ಇದರಿಂದಲೇ. ಇಳಿಯುವಾಗ ಲೆಕ್ಕ ತಿರುಗಾಮುರುಗಾ ಆಗುತ್ತದೆ: ಚಕ್ರ ಒಂದು ಸುತ್ತು ಬರಬೇಕಾದರೆ ಇಂಜಿನ್ನನ್ನು ಅಷ್ಟು ಸುತ್ತು ತಿರುಗಿಸಬೇಕು, ಆದ್ದರಿಂದ ಇಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಘಾಟಿ ಡ್ರೈವರ್‌ಗಳ ಬುದ್ಧಿಮಾತಿನ ಹಿಂದೆ ಇರುವ ಫಿಸಿಕ್ಸ್ ಇದೇ.

ಯುದ್ಧಭೂಮಿಯಿಂದ ಹೊಲಕ್ಕೆ

ಯುದ್ಧ ನಿಂತ ಮೇಲೆ ಇಷ್ಟು ದೊಡ್ಡ ಕಾರ್ಖಾನೆ ಏನು ಮಾಡಬೇಕು? ವಿಲ್ಲೀಸ್‌ನವರು ಗಾಡಿಯನ್ನು ರೈತರ ಬಳಿಗೆ ಒಯ್ದರು. 1945ರಲ್ಲಿ ಬಂದ ಮಾಡೆಲ್ ಸಿಜೆ-2ಎ. ಸಿಜೆ ಎಂದರೆ ನಾಗರಿಕರ ಜೀಪು. ಹಿಂದೆ ತೆರೆಯುವ ಬಾಗಿಲು ಇಟ್ಟರು, ಸ್ಟೆಪ್ನಿಯನ್ನು ಪಕ್ಕಕ್ಕೆ ಸರಿಸಿದರು, ಹೆಡ್‌ಲೈಟ್ ದೊಡ್ಡದು ಮಾಡಿದರು. ಮುಖ್ಯವಾಗಿ ಗೇರ್ ಅನುಪಾತ ಬದಲಾಯಿಸಿದರು. ಮೇಲಿನ ಲೆಕ್ಕವನ್ನೇ ಈ ಮಾಡೆಲ್‌ಗೆ ಹಾಕಿದರೆ ಸುಮಾರು 37 ಬರುತ್ತದೆ. ನೇಗಿಲು ಎಳೆಯಲು ಆ ಎಳೆತ ಬೇಕಿತ್ತು. ಇಂಜಿನ್ ಶಕ್ತಿಯಿಂದ ಗರಗಸ, ಪಂಪು, ಒಕ್ಕಣೆ ಯಂತ್ರ ಓಡಿಸುವ ಸೌಲಭ್ಯವನ್ನೂ ಕೊಟ್ಟರು. 1949ರೊಳಗೆ 2 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಕತ್ತಿಗಳು ನೇಗಿಲಾಗುವ ಕಾಲದ ಬಗ್ಗೆ ಯೆಶಾಯ ಪ್ರವಾದಿ ಕಂಡ ಕನಸನ್ನು ನಾವು ಆಗಮನ ಕಾಲದಲ್ಲಿ ಕೇಳುತ್ತೇವೆ. ಒಂದು ಕಾರ್ಖಾನೆಯ ಮಟ್ಟಿಗಾದರೂ ಅದು ಹೀಗೆ ಕೈಗೂಡಿತು.

ಇಲ್ಲಿಂದ ಮಾಡೆಲ್‌ಗಳ ಸಾಲು ಶುರು. 1946ರಲ್ಲಿ ಬ್ರೂಕ್ಸ್ ಸ್ಟೀವನ್ಸ್ ಎಂಬ ವಿನ್ಯಾಸಕಾರರ ಕೈಯಿಂದ ಬಂದ ಸ್ಟೇಷನ್ ವ್ಯಾಗನ್. ಆಗಿನ ವ್ಯಾಗನ್‌ಗಳಿಗೆ ಮರದ ಮೈ ಇರುತ್ತಿತ್ತು, ಇದಕ್ಕೆ ಪೂರ್ತಿ ಉಕ್ಕಿನ ಮೈ. ಇಂದಿನ ಎಸ್‌ಯುವಿಗಳಿಗೆ ಇದನ್ನು ಅಜ್ಜ ಎನ್ನಬಹುದು. 1947ರಲ್ಲಿ ಜೀಪ್ ಟ್ರಕ್. 1948ರಲ್ಲಿ ಯುವಕರಿಗೆಂದು ಬಟ್ಟೆಯ ಟಾಪಿನ ಜೀಪ್‌ಸ್ಟರ್, ಅದು ಹೆಚ್ಚು ದಿನ ನಡೆಯಲಿಲ್ಲ. 1949ರಲ್ಲಿ ಒಂದೇ ಗಾಜಿನ ವಿಂಡ್‌ಶೀಲ್ಡ್ ಇರುವ ಸಿಜೆ-3ಎ.

1953ರಲ್ಲಿ ಬಂದದ್ದು ನಮಗೆ ಮುಖ್ಯವಾದ ಸಿಜೆ-3ಬಿ. 'ಹರಿಕೇನ್' ಎಂಬ ಹೊಸ ಇಂಜಿನ್ ಹಳೆಯದಕ್ಕಿಂತ ಎತ್ತರ ಇತ್ತು. ಅದು ಹಿಡಿಸಲೆಂದು ಬಾನೆಟ್ ಮೇಲಕ್ಕೆತ್ತಿದರು. ಎತ್ತರದ ಚೌಕ ಬಾನೆಟ್, ಎರಡು ಗುಂಡು ದೀಪ, ನಡುವೆ ಏಳು ಸೀಳು. ನಮ್ಮ ಅಪ್ಪಂದಿರ ತಲೆಯಲ್ಲಿರುವ ಜೀಪಿನ ಚಿತ್ರ ಇದೇ. ಅದೇ 1953ರಲ್ಲಿ ಕೈಸರ್ ಕಂಪನಿ ವಿಲ್ಲೀಸನ್ನು ಕೊಂಡಿತು. ಬಾಗಿದ ಮಡ್‌ಗಾರ್ಡಿನ ಸಿಜೆ-5 1955ರ ಮಾಡೆಲ್, 1983ರವರೆಗೆ ನಡೆಯಿತು. ನಮ್ಮ ಉದಕಮಂಡಲ ಧರ್ಮಪ್ರಾಂತ್ಯ ಮೈಸೂರಿನಿಂದ ಬೇರೆಯಾದದ್ದೂ ಅದೇ 1955ರಲ್ಲಿ. ಡ್ರೈವರ್ ಇಂಜಿನ್ ಮೇಲೆ ಕೂರುವಂತೆ ಮೂಗು ಕತ್ತರಿಸಿದ ಎಫ್‌ಸಿ-150, ಎಫ್‌ಸಿ-170 ಸಣ್ಣ ಟ್ರಕ್‌ಗಳು 1957ರ ಮಾಡೆಲ್. 1963ರಲ್ಲಿ ಕುಟುಂಬಗಳಿಗೆ ದೊಡ್ಡ ವ್ಯಾಗನೀರ್.

ಮುಂದೆ ಮಾಲೀಕರು ಬದಲಾಗುತ್ತಲೇ ಹೋದರು. 1970ರಲ್ಲಿ ಅಮೆರಿಕನ್ ಮೋಟಾರ್ಸ್, 1987ರಲ್ಲಿ ಕ್ರೈಸ್ಲರ್. ಹಿಂದೊಮ್ಮೆ ವಿಲ್ಲೀಸ್ ಬಿಟ್ಟುಹೋದ ಅದೇ ಕ್ರೈಸ್ಲರ್ ಅವರ ಹೆಸರಿನ ಕಂಪನಿ. ಸಿಜೆ-7ರ ಜತೆ 1986ರಲ್ಲಿ ಸಿಜೆ ಸಾಲು ಮುಗಿದು, ಮರುವರ್ಷ ರ್‍ಯಾಂಗ್ಲರ್ ಬಂತು. 1984ರ ಚೆರೋಕಿ ಇಂದಿನ ಎಸ್‌ಯುವಿ ಹುಚ್ಚಿಗೆ ದಾರಿ ಹಾಕಿತು. ಈಗ 'ಜೀಪ್' ಹೆಸರು 2021ರಲ್ಲಿ ಹುಟ್ಟಿದ ಸ್ಟೆಲ್ಲಾಂಟಿಸ್ ಎಂಬ ದೊಡ್ಡ ಗುಂಪಿನ ಕೈಯಲ್ಲಿದೆ. ಪುಣೆ ಹತ್ತಿರದ ರಂಜಣಗಾಂವ್‌ನಲ್ಲಿ 2017ರಿಂದ ಜೀಪ್ ಕಂಪಾಸ್ ತಯಾರಾಗುತ್ತಿದೆ.

ಬಾನೆಟ್ ಮೇಲಿನ ಬಲಿಪೀಠ

ಈಗ ಮೊದಲೇ ಹೇಳಿದ ಗುರುಗಳ ಕಥೆ. ಎರಡನೇ ಮಹಾಯುದ್ಧದಲ್ಲಿ ಸೈನಿಕರ ಜತೆ ಹೋದ ಗುರುಗಳಿಗೆ ದೇವಾಲಯ ಎಲ್ಲಿಂದ ಬರಬೇಕು? ಜೀಪಿನ ಬಾನೆಟ್ ಚಪ್ಪಟೆ, ಸೊಂಟದ ಎತ್ತರ. ಅದರ ಮೇಲೆ ಬಿಳಿ ಬಟ್ಟೆ ಹಾಸಿದರೆ ಅದೇ ಬಲಿಪೀಠ. ಆ ಕಾಲದ ಎಷ್ಟೋ ಫೋಟೊಗಳಲ್ಲಿ ಈ ದೃಶ್ಯ ಕಾಣುತ್ತದೆ.

ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು 1950ರ ಅಕ್ಟೋಬರ್ 7ರಂದು ಕೊರಿಯಾದಲ್ಲಿ ತೆಗೆದದ್ದು. ಜೀಪಿನ ಬಾನೆಟ್ ಮೇಲೆ ಬಲಿಪೂಜೆ ಅರ್ಪಿಸುತ್ತಿರುವವರು ಫಾದರ್ ಎಮಿಲ್ ಕಪಾನ್. ಅಮೆರಿಕದ ಕಾನ್ಸಸ್ ರಾಜ್ಯದ ಪಿಲ್ಸೆನ್ ಎಂಬ ಹಳ್ಳಿಯ ರೈತರ ಮಗ. ಅವರು 1945-46ರಲ್ಲಿ ನಮ್ಮ ಭಾರತ ಮತ್ತು ಬರ್ಮಾ ಗಡಿಯಲ್ಲೂ ಸೇವೆ ಮಾಡಿದ್ದರು. ಚದುರಿಹೋದ ಸೈನಿಕರಿಗೆ ಸಂಸ್ಕಾರಗಳನ್ನು ಕೊಡಲು ಆ ಕಾಡುದಾರಿಗಳಲ್ಲಿ ಜೀಪಿನಲ್ಲೇ ಬಹಳ ದೂರ ಓಡಾಡಿದರು.

ಕೊರಿಯಾದಲ್ಲಿ ಶತ್ರುಗಳ ಗುಂಡಿಗೆ ಅವರ ಜೀಪು ಹೋಯಿತು. ಒಂದು ಸೈಕಲ್ ಹುಡುಕಿಕೊಂಡು ಸೈನಿಕರ ಬಳಿ ಹೋಗುವುದನ್ನು ಮುಂದುವರಿಸಿದರು. 1950ರ ನವೆಂಬರ್ ಆರಂಭದಲ್ಲಿ ಉನ್‌ಸಾನ್ ಎಂಬಲ್ಲಿ ಚೀನೀ ಸೈನ್ಯ ಸುತ್ತುವರಿದಾಗ ತಪ್ಪಿಸಿಕೊಳ್ಳಲು ಅವಕಾಶವಿತ್ತು. ಗಾಯಾಳುಗಳನ್ನು ಬಿಟ್ಟು ಹೋಗಲು ಒಪ್ಪದೆ ಸೆರೆಯಾದರು. ಸೆರೆಶಿಬಿರದಲ್ಲಿ ಹಸಿದವರಿಗೆ ಊಟ ಹೊಂಚಿ ತಂದುಕೊಟ್ಟರು, ರೋಗಿಗಳ ಮೈ ತೊಳೆದರು, ಕದ್ದುಮುಚ್ಚಿ ಜಪ ನಡೆಸಿದರು. 1951ರ ಮೇ 23ರಂದು ಅಲ್ಲೇ ತೀರಿಕೊಂಡರು. ಆಗ ಅವರಿಗೆ 35 ವರ್ಷ. 2013ರಲ್ಲಿ ಅಮೆರಿಕ ತನ್ನ ಅತ್ಯುನ್ನತ ಸೈನಿಕ ಪದಕ ಕೊಟ್ಟಿತು. 2021ರಲ್ಲಿ ಅವರ ಪಾರ್ಥಿವ ಶರೀರದ ಗುರುತು ಸಿಕ್ಕಿತು. 2025ರ ಫೆಬ್ರವರಿಯಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಪೂಜ್ಯನೀಯರೆಂದು ಘೋಷಿಸಿದರು. ಇದೇ ಪೋಪ್ ಫ್ರಾನ್ಸಿಸ್ 2015ರ ಅಮೆರಿಕ ಭೇಟಿಯಲ್ಲಿ ಬಳಸಿದ್ದು ಒಂದು ಬಿಳಿ ಜೀಪ್ ರ್‍ಯಾಂಗ್ಲರ್.

ಫಾದರ್ ಕಪಾನ್ ಅವರ ಜೀವನದಲ್ಲಿ ಜೀಪು ದೊಡ್ಡ ವಿಷಯವೇನಲ್ಲ. ಅದು ಇದ್ದಾಗ ಅದರಲ್ಲಿ ಹೋದರು, ಹೋದ ಮೇಲೆ ಸೈಕಲ್ ಹತ್ತಿದರು, ಅದೂ ಇಲ್ಲದಾಗ ಗಾಯಾಳುವನ್ನು ಹೆಗಲ ಮೇಲೆ ಹೊತ್ತು ನಡೆದರು. ಜನರ ಬಳಿಗೆ ಹೋಗಬೇಕೆಂಬುದು ಮಾತ್ರ ಕೊನೆಯವರೆಗೂ ಬದಲಾಗಲಿಲ್ಲ.

ಮುಂಬೈ ದಾರಿಯಾಗಿ ಭಾರತಕ್ಕೆ

1945ರ ಅಕ್ಟೋಬರ್ 2ರಂದು ಜೆ.ಸಿ. ಮಹೀಂದ್ರಾ, ಕೆ.ಸಿ. ಮಹೀಂದ್ರಾ ಎಂಬ ಅಣ್ಣತಮ್ಮಂದಿರು ಮತ್ತು ಮಲಿಕ್ ಗುಲಾಮ್ ಮೊಹಮ್ಮದ್ ಸೇರಿ ಉಕ್ಕಿನ ವ್ಯಾಪಾರಕ್ಕೆ 'ಮಹೀಂದ್ರಾ ಅಂಡ್ ಮೊಹಮ್ಮದ್' ಎಂಬ ಕಂಪನಿ ತೆರೆದರು. ದೇಶ ವಿಭಜನೆಯಾದಾಗ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಆಮೇಲೆ ಗವರ್ನರ್ ಜನರಲ್ ಕೂಡ ಆದರು. ಇಲ್ಲಿ ಕಂಪನಿಯ ಹೆಸರು 1948ರಲ್ಲಿ 'ಮಹೀಂದ್ರಾ ಅಂಡ್ ಮಹೀಂದ್ರಾ' ಆಯಿತು.

ಕೆ.ಸಿ. ಮಹೀಂದ್ರಾ ಅಮೆರಿಕದಲ್ಲಿದ್ದಾಗ ಬಾರ್ನಿ ರೂಸ್ ಅವರನ್ನು ಭೇಟಿಯಾಗಿದ್ದರು. ರಸ್ತೆಯೇ ಇಲ್ಲದ ನಮ್ಮ ದೇಶಕ್ಕೆ ಈ ಗಾಡಿಯೇ ಸರಿ ಎಂದು ಅವರಿಗೆ ಹೊಳೆದದ್ದು ಅಲ್ಲಿ. ವಿಲ್ಲೀಸ್ ಜೀಪಿನ ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಹಡಗು ಹತ್ತಿ ಬಂದವು. 1949ರಲ್ಲಿ ಮುಂಬೈಯ ಮಜಗಾಂವ್‌ನಲ್ಲಿ ಮೊದಲ 75 ಗಾಡಿಗಳ ಜೋಡಣೆ ಆಯಿತು. 1954ರಿಂದ ಬಿಡಿಭಾಗಗಳನ್ನು ಇಲ್ಲೇ ಮಾಡುವ ಕೆಲಸ ಶುರುವಾಯಿತು.

ಮಹೀಂದ್ರಾ ನೆಚ್ಚಿಕೊಂಡ ಮಾಡೆಲ್ ಸಿಜೆ-3ಬಿ. ಅಮೆರಿಕದಲ್ಲಿ ಅದು 1968ಕ್ಕೆ ನಿಂತುಹೋಯಿತು. ಭಾರತದಲ್ಲಿ ಅದರ ರಕ್ತ ಇನ್ನೂ ನಾಲ್ಕು ದಶಕ ಹರಿಯಿತು. ಕಾರಣ ಸುಲಭ. ಹೊರದೇಶದ ಗಾಡಿ ತರಿಸುವುದು ಆಗ ಅಸಾಧ್ಯದ ಮಾತು. ಈ ಗಾಡಿಯ ಮೈಯೆಲ್ಲ ಚಪ್ಪಟೆ ತಗಡು. ಡೊಂಕಾದರೆ ಊರಿನ ಮೆಕ್ಯಾನಿಕ್ ಸುತ್ತಿಗೆಯಲ್ಲಿ ತಟ್ಟಿ ಸರಿಮಾಡುತ್ತಿದ್ದ. ಪೆಟ್ರೋಲ್ ದುಬಾರಿಯಾದಾಗ ಡೀಸೆಲ್ ಇಂಜಿನ್ ಕೂರಿಸಿದರು. ಮೊದಲು ಟ್ರ್ಯಾಕ್ಟರ್ ಕಂಪನಿ ಇಂಟರ್‌ನ್ಯಾಷನಲ್‌ನದು, ಆಮೇಲೆ ಫ್ರಾನ್ಸಿನ ಪ್ಯೂಜೊದು. 1980ರ ದಶಕದ ಎಂಎಂ 540 ಹೀಗೆ ಬಂತು. ಎಫ್‌ಸಿ ಟ್ರಕ್‌ಗಳನ್ನೂ 1965ರಿಂದ ಇಲ್ಲಿ ಮಾಡಿದರು. ಜನ ತುಂಬಲು ಉದ್ದ ಮಾಡಿದ ಕಮಾಂಡರ್, 1993ರಲ್ಲಿ ಬಾಗಿಲು ಗಾಜು ಇರುವ ಅರ್ಮಾಡ, ಅದರಿಂದ 2000ದಲ್ಲಿ ಬೊಲೆರೊ, 2010ರಲ್ಲಿ ಥಾರ್. ನಮ್ಮ ಹುಡುಗರು ಇವತ್ತು ಸ್ಟೇಟಸ್‌ನಲ್ಲಿ ಹಾಕುವ ಥಾರ್‌ನ ಮುತ್ತಜ್ಜ 1940ರ ಆ 49 ದಿನದ ಗಾಡಿ.

ಈ ಸಂಬಂಧ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಮಹೀಂದ್ರಾ ತನ್ನ 'ರಾಕ್ಸರ್' ಗಾಡಿಯನ್ನು ಅಮೆರಿಕದಲ್ಲಿ ಮಾರತೊಡಗಿದಾಗ, 2018ರಲ್ಲಿ ಜೀಪ್ ಮಾಲೀಕರಾದ ಫಿಯೆಟ್ ಕ್ರೈಸ್ಲರ್‌ನವರು ತಮ್ಮ ಗಾಡಿಯ ರೂಪ ಕದ್ದಿದ್ದಾರೆ ಎಂದು ದೂರು ಕೊಟ್ಟರು. 2020ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಅದನ್ನು ಒಪ್ಪಿತು. ಮಹೀಂದ್ರಾ ಗಾಡಿಯ ಮುಖ ಬದಲಾಯಿಸಬೇಕಾಯಿತು. ಬ್ಯಾಂಟಮ್‌ನವರು ಇದನ್ನು ನೋಡಿದ್ದರೆ ನಗುತ್ತಿದ್ದರೋ ಅಳುತ್ತಿದ್ದರೋ!

ನಮ್ಮ ಬೆಟ್ಟದಲ್ಲಿ

ಬಣ್ಣಾರಿಯಿಂದ ದಿಂಬಂಗೆ ಹತ್ತುವಾಗ 27 ಹೇರ್‌ಪಿನ್ ತಿರುವು. ತಮಿಳು ಬೋರ್ಡಿನಲ್ಲಿ 'ಕೊಂಡೈ ಊಸಿ ವಳೈವು' ಎಂದು ಬರೆದಿರುತ್ತದೆ, ಅಂದರೆ ತುರುಬಿಗೆ ಸಿಕ್ಕಿಸುವ ಪಿನ್ನಿನ ಬಾಗು. ದಿಂಬಂನಿಂದ ತಾಳಮಲೆ ಕಡೆ ತಿರುಗಿದರೆ ಕಾಡುರಸ್ತೆ. ಅಲ್ಲಿಂದ ಒಳಗಿನ ಸೋಲಿಗರ, ಊರಾಳಿಗಳ ಹಟ್ಟಿಗಳಿಗೆ ಹೋಗುವ ದಾರಿ ಮಳೆಗಾಲದಲ್ಲಿ ಹಳ್ಳವೋ ರಸ್ತೆಯೋ ತಿಳಿಯುವುದಿಲ್ಲ. ನಮ್ಮದು ಜಿಲ್ಲಾ ಕೇಂದ್ರ ಈರೋಡಿಗೆ ದೂರ, ಚಾಮರಾಜನಗರಕ್ಕೆ ಹತ್ತಿರ. ಆಡಳಿತ ತಮಿಳುನಾಡಿನದು, ಮನೆಮಾತು ಕನ್ನಡ. ಎರಡು ರಾಜ್ಯದ ಅಂಚಿನಲ್ಲಿರುವವರಿಗೆ ಬಸ್ಸು ಕೊನೆಗೆ ಬರುತ್ತದೆ. ಬಸ್ಸು ಬಾರದ ಕಡೆಗೆ ಬಂದದ್ದು ಜೀಪು.

ರಾಗಿ ಮೂಟೆ, ಆಲೂಗಡ್ಡೆ, ಚೆಂಡುಹೂವು, ಸಂತೆ ಸಾಮಾನು, ಮದುವೆ ದಿಬ್ಬಣ, ಹೆರಿಗೆ ನೋವಿನ ಹೆಂಗಸು, ಹಾವು ಕಚ್ಚಿದ ಹುಡುಗ, ಆಸ್ಪತ್ರೆಯಿಂದ ಮರಳಿ ಬರುವ ಹೆಣ, ಹಬ್ಬದ ಪೂಜೆಗೆ ಬರುವ ಫಾದರ್, ಎಲ್ಲರನ್ನೂ ಇದೇ ಗಾಡಿ ಹೊತ್ತಿದೆ. 2022ರ ಫೆಬ್ರವರಿಯಿಂದ ಮದ್ರಾಸ್ ಹೈಕೋರ್ಟ್ ಆದೇಶದ ಪ್ರಕಾರ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ತಡೆ ಇದೆ, ರೋಗಿಗಳ ಗಾಡಿಗೆ ವಿನಾಯಿತಿ ಇದೆ. ಕಾಡುಪ್ರಾಣಿಗಳು ರಸ್ತೆಯಲ್ಲಿ ಸಾಯಬಾರದೆಂಬ ಉದ್ದೇಶ ಒಳ್ಳೆಯದೇ. ಆ ವಿನಾಯಿತಿ ಬಳಸಿ ನಡುರಾತ್ರಿ ಬಾಡಿಗೆ ಕೇಳದೆ ಗಾಡಿ ತೆಗೆಯುವ ಡ್ರೈವರ್ ಅಣ್ಣಂದಿರು ನಮ್ಮ ಪ್ರತಿ ಊರಲ್ಲೂ ಒಬ್ಬರಾದರೂ ಇದ್ದಾರೆ.

ಇನ್ನೊಂದು ನೆನಪನ್ನೂ ಮುಚ್ಚಿಡಬಾರದು. ವೀರಪ್ಪನ್ ಹುಡುಕಾಟದ ವರ್ಷಗಳಲ್ಲಿ ಈ ಕಾಡಿನ ಬಡವರಿಗೆ ಜೀಪು ಎಂದರೆ ಭಯವೂ ಆಗಿತ್ತು. ಎರಡೂ ರಾಜ್ಯದ ಕಾರ್ಯಪಡೆಗಳ ಮೇಲೆ ಹಿಂಸೆಯ ದೂರುಗಳು ಬಂದವು. ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕು ಆಯೋಗ ನ್ಯಾಯಮೂರ್ತಿ ಸದಾಶಿವ ಸಮಿತಿಯನ್ನು ನೇಮಿಸಿತು. 2007ರಲ್ಲಿ 89 ಮಂದಿಗೆ ಪರಿಹಾರ ಕೊಡಲು ಹೇಳಿತು. ಆಸ್ಪತ್ರೆಗೆ ಒಯ್ದ ಗಾಡಿಯೂ ಜೀಪೇ, ಹಿಡಿದೊಯ್ದ ಗಾಡಿಯೂ ಜೀಪೇ. ಸ್ಟೀರಿಂಗ್ ಹಿಡಿದವರು ಯಾರು, ಯಾರಿಗಾಗಿ ಹೋಗುತ್ತಿದ್ದಾರೆ ಎಂಬುದರ ಮೇಲೆ ಎಲ್ಲ ನಿಂತಿದೆ.

ನಮ್ಮ ಪಾಲಿನ ಕೆಲಸ

ಹಳೆಯ ಜೀಪುಗಳ ಕಾಲ ಮುಗಿಯುತ್ತಿದೆ. 15 ವರ್ಷ ಮೀರಿದ ಸರ್ಕಾರಿ ಗಾಡಿಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗಿದೆ. ಖಾಸಗಿಯವರೂ ಎಫ್‌ಸಿ ಖರ್ಚಿಗೆ ಹೆದರಿ ಗುಜರಿಗೆ ಹಾಕುತ್ತಿದ್ದಾರೆ. ಹೊಗೆ ಉಗುಳುವ ಹಳೇ ಗಾಡಿ ಹೋಗಲಿ, ತೊಂದರೆ ಇಲ್ಲ. ಅದನ್ನು ಓಡಿಸಿದವರ ನೆನಪು ಅದರ ಜತೆ ಹೋಗಬಾರದು. ಬ್ಯಾಂಟಮ್‌ಗೆ ಆದದ್ದು ನಮ್ಮ ಊರಿನ ಡ್ರೈವರ್‌ಗಳಿಗೂ ಆಗುವುದು ಬೇಡ. ಅದಕ್ಕಾಗಿ ಮೂರು ಮಾತು.

ಒಂದು: ನಿಮ್ಮ ಊರಿನಲ್ಲಿ ಹಿಂದೆ ಜೀಪು ಓಡಿಸಿದ ಹಿರಿಯರ ಬಳಿ ಕೂತು ಮಾತಾಡಿ. ಯಾವ ಮಾಡೆಲ್, ಯಾವ ವರ್ಷ, ಮೊದಲ ಸಲ ಯಾರನ್ನು ಆಸ್ಪತ್ರೆಗೆ ಒಯ್ದರು, ಮಳೆಯಲ್ಲಿ ಯಾವ ದಾರಿ ಹಿಡಿಯುತ್ತಿದ್ದರು ಎಂದು ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿ. ಹಳೆಯ ಫೋಟೊ ಇದ್ದರೆ ಅದರ ಒಂದು ಫೋಟೊ ತೆಗೆಯಿರಿ. ಎಲ್ಲವನ್ನೂ ಯುವಜನ ಸಂಘದಲ್ಲಿ ಕೂಡಿಡೋಣ.

ಎರಡು: ಗಾಡಿಯಲ್ಲಿ ಹಿಡಿಯುವಷ್ಟೇ ಜನ ಹತ್ತೋಣ. ಹಿಂದೆ ಜೋತುಬಿದ್ದು, ಮೇಲೆ ಕೂತು ಘಾಟಿ ಇಳಿಯುವುದು ಧೈರ್ಯವೆಂದು ಯಾರೂ ಭಾವಿಸಬೇಡಿ. ಮೇಲೆ ಭಾರ ಹೆಚ್ಚಿದಷ್ಟೂ ಗಾಡಿಯ ಗುರುತ್ವ ಕೇಂದ್ರ ಮೇಲೇರುತ್ತದೆ, ತಿರುವಿನಲ್ಲಿ ಮಗುಚುವುದು ಸುಲಭವಾಗುತ್ತದೆ.

ಮೂರು: ಫೋರ್ ವೀಲ್ ಡ್ರೈವ್ ಇದೆ ಎಂದು ರೀಲ್ಸ್‌ಗಾಗಿ ಕಾಡೊಳಗೆ ನುಗ್ಗಬೇಡಿ. ಇದು 2013ರಿಂದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಆನೆ ದಾರಿಯಲ್ಲಿ ನಾವು ಮಾಡುವ ಗಲಾಟೆಯ ಸಿಟ್ಟನ್ನು ರಾತ್ರಿ ರಾಗಿ ಹೊಲ ಕಾಯುವ ಅಪ್ಪಂದಿರು ಅನುಭವಿಸಬೇಕಾಗುತ್ತದೆ.

ಈ ಕಥೆಯಲ್ಲಿ ಕಂಪನಿಗಳು ಬಂದವು, ಹೋದವು. ಬ್ಯಾಂಟಮ್ ಇಲ್ಲ, ವಿಲ್ಲೀಸ್ ಇಲ್ಲ, ಕೈಸರ್ ಇಲ್ಲ. ಫೋರ್ಡ್ ಕೂಡ ನಮ್ಮ ರಾಜ್ಯದ ಮರೈಮಲೈ ನಗರದಲ್ಲಿ ಕಾರು ಮಾಡುವುದನ್ನು 2022ರಲ್ಲಿ ನಿಲ್ಲಿಸಿತು. ಫಾದರ್ ಕಪಾನ್ ಅವರನ್ನು ಮಾತ್ರ ಅವರ ಜತೆ ಸೆರೆಯಲ್ಲಿದ್ದವರು ಮುದಿವಯಸ್ಸಿನವರೆಗೂ ಮರೆಯಲಿಲ್ಲ. ನಾಳೆ ನಮ್ಮಲ್ಲಿ ಯಾರ ಮನೆಗಾದರೂ ಹೊಸ ಗಾಡಿ ಬಂದು ಫಾದರ್ ಅದಕ್ಕೆ ತೀರ್ಥ ಹಾಕಿ ಆಶೀರ್ವದಿಸುವಾಗ ಒಂದು ಸಣ್ಣ ಪ್ರಾರ್ಥನೆ ನಾವೂ ಸೇರಿಸೋಣ: ಪ್ರಭುವೇ, ನಡುರಾತ್ರಿ ಯಾರಾದರೂ ಬಾಗಿಲು ಬಡಿದರೆ ಈ ಗಾಡಿ ಹೊರಡುವಂತೆ ಮಾಡು.

ನಿಮ್ಮ ಊರಿನ ಜೀಪಿನ ಕಥೆಗಳನ್ನು ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ತನ್ನಿ. ದೇವರು ಒಳ್ಳೆಯದು ಮಾಡಲಿ.